ವೇಬರರ ಪುಸ್ತಕ, ತುಮಕೂರಿನ ಗಡಿಯಾರ

‘ಜಪಾನಿನವರನ್ನು ನೋಡಿ, ಜರ್ಮನಿಯವರನ್ನು ನೋಡಿ, ನಮ್ಮ ಜನರ ಸ್ವಭಾವವೇ ಇಷ್ಟು’ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಗನನ್ನು ವಿದೇಶಕ್ಕೆ ಕಳುಹಿಸುವ ತಂದೆಯೂ, ವಸಂತನರಸಾಪುರದ ಕಾರ್ಖಾನೆಯ ಗುತ್ತಿಗೆ ಕೆಲಸವನ್ನು ಬಿಟ್ಟುಬಂದ ಮಗಳನ್ನು ಗದರಿಸುವ ತಾಯಿಯೂ ಇದನ್ನೇ ಹೇಳುತ್ತಾರೆ. ಈ ಮಾತಿಗೆ ಪಂಡಿತರ ಬೆಂಬಲವೂ ಉಂಟು. ಬೆಂಬಲಕ್ಕೆ ಹೆಚ್ಚಾಗಿ ಕರೆತರುವುದು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರನ್ನು. ಪ್ರೊಟೆಸ್ಟಂಟ್ ನೀತಿಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ಕುರಿತು ಅವರು 1904–05ರಲ್ಲಿ ಪ್ರಕಟಿಸಿದ ಕೃತಿಯು, ಓದದವರೂ ಉದಾಹರಿಸುವ ಪುಸ್ತಕಗಳಲ್ಲಿ ಒಂದು. ಅದನ್ನು ನಮ್ಮ ತುಮಕೂರು ಸೀಮೆಯಲ್ಲಿ ಕುಳಿತು ಓದಿದರೆ ಏನನ್ನಿಸುತ್ತದೆ?

ವೇಬರರು ಪ್ರೊಟೆಸ್ಟಂಟರನ್ನು ಹಣದಾಸೆಯವರೆಂದು ಹೇಳುವುದಿಲ್ಲ. ಹಣದಾಸೆ ಎಲ್ಲ ಕಾಲದಲ್ಲೂ ಇತ್ತು. ದುಡಿದು ಗಳಿಸುವುದೇ ಒಂದು ಕರ್ತವ್ಯವೆಂಬ ಭಾವನೆ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಉತ್ತರವನ್ನು ಅವರು ಹುಡುಕುವುದು ಒಂದು ಪದದಲ್ಲಿ. ನಾವು ‘ದೇವಕರೆ’ ಎಂದೊಡನೆ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ನೆನೆಯುತ್ತೇವೆ. ಮಾರ್ಟಿನ್ ಲೂಥರ್ ಆ ಪದವನ್ನು ಚಮ್ಮಾರನ ಉಳಿಗೂ ವರ್ತಕನ ತಕ್ಕಡಿಗೂ ಸಲ್ಲಿಸಿದರು. ಅನಂತರ ಕ್ಯಾಲ್ವಿನ್ನನ ಅನುಯಾಯಿಗಳು, ರಕ್ಷಣೆ ಯಾರಿಗೆಂದು ದೇವರು ಮೊದಲೇ ನಿರ್ಣಯಿಸಿದ್ದಾನೆಂಬ ಬೋಧನೆಯಿಂದ ತಳಮಳಗೊಂಡು, ಶಿಸ್ತಿನ ದುಡಿಮೆಯಲ್ಲಿ ಭರವಸೆಯ ಗುರುತನ್ನು ಕಂಡರು. ಗಳಿಸಿದ್ದನ್ನು ಭೋಗಿಸದೆ ಮತ್ತೆ ಉದ್ಯಮಕ್ಕೆ ಹಾಕಿದರು. ಈ ಭಾಗದ ಬರಹ ನಿಜಕ್ಕೂ ಮೇಲ್ಮಟ್ಟದ್ದು. ದೈವಶಾಸ್ತ್ರವು ಅಂಗಡಿಯ ಲೆಕ್ಕದ ಪುಸ್ತಕದೊಳಕ್ಕೆ ಇಳಿಯುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ಕಂಡವರು ವಿರಳ.

ಆದರೆ ಅಡಿಪಾಯವೇ ಸಡಿಲ. ಬಾಡೆನ್ ಪ್ರಾಂತದ ಪ್ರೊಟೆಸ್ಟಂಟ್ ಮಕ್ಕಳು ಕಥೋಲಿಕ ಮಕ್ಕಳಿಗಿಂತ ಹೆಚ್ಚಾಗಿ ವ್ಯವಹಾರ ವಿದ್ಯೆಯ ಶಾಲೆಗಳಿಗೆ ಹೋಗುತ್ತಿದ್ದರೆಂದು ತೋರಿಸಲು ವೇಬರ್ ಕೊಟ್ಟ ಕೋಷ್ಟಕದಲ್ಲಿ ಒಂದು ಸಾಲನ್ನು ಕೂಡಿದರೆ ಶೇಕಡಾ 109 ಬರುತ್ತದೆ! 59 ಇರಬೇಕಾದಲ್ಲಿ 69 ಎಂದಿದೆ. ಸ್ವೀಡನ್ನಿನ ಕುರ್ಟ್ ಸಾಮುಯೆಲ್ಸನ್ 1957ರಲ್ಲಿ ಇದನ್ನು ಎತ್ತಿ ತೋರಿಸಿದರು. ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು 1494ರಲ್ಲಿ ಮುದ್ರಿಸಿ ಹರಡಿದ ಲೂಕಾ ಪಾಚೋಲಿ ಫ್ರಾನ್ಸಿಸ್ಕನ್ ಸಂನ್ಯಾಸಿ; ಆಗ ಲೂಥರ್ ಇನ್ನೂ ಹುಡುಗ. 2009ರಲ್ಲಿ ಬೆಕರ್ ಮತ್ತು ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಪ್ರಷ್ಯದ ಅಂಕಿಅಂಶಗಳನ್ನು ಪರಿಶೀಲಿಸಿ, ಪ್ರೊಟೆಸ್ಟಂಟ್ ಊರುಗಳ ಸಿರಿಗೆ ಬಹುಪಾಲು ಕಾರಣ ಅಕ್ಷರಜ್ಞಾನವೆಂದು ವಾದಿಸಿದರು. ಬೈಬಲನ್ನು ಪ್ರತಿಯೊಬ್ಬರೂ ಓದಬೇಕೆಂದು ಶಾಲೆ ತೆರೆದರು. ಆ ಶಾಲೆ ಹೊಟ್ಟೆಗೂ ದಾರಿ ಮಾಡಿತು. ಹಾಗಾದರೆ ಎಣಿಕೆಗೆ ಬರಬೇಕಾದದ್ದು ಮತವೋ, ಶಾಲೆಯೋ?

ನಮ್ಮ ನಾಡು ಈ ಪ್ರಶ್ನೆಗೆ, ವೇಬರರ ಪುಸ್ತಕ ಬರುವ ಮೊದಲೇ ಒಂದು ಉತ್ತರವನ್ನು ಕೊಟ್ಟಿತ್ತು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಹಳೆಯ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಕಥೆ ಅದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ವೇಬರರ ಲೆಕ್ಕಕ್ಕೆ ಸೊಗಸಾಗಿ ಹೊಂದುವ ಪ್ರೊಟೆಸ್ಟಂಟ್ ಸಂಸ್ಥೆ: ಕಟ್ಟುನಿಟ್ಟು, ಕಾಲಪಾಲನೆ, ಮಿತವ್ಯಯ. ಅದರ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆದರೆ ಮೂರೇ ವರ್ಷಗಳಲ್ಲಿ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಎರಡನೆಯ ಕಾರ್ಖಾನೆ ತೆರೆದವರು ಪಾಸ್ಕಲ್ ಆಲ್ಬುಕರ್ಕ್, ಕಥೋಲಿಕರು. ಅನಂತರ ಬೇರೆ ಬೇರೆ ಸಮುದಾಯದವರು ಆ ಕಸುಬಿಗೆ ಇಳಿದರು. ಗಡಿ ದಾಟಿ ಬಂದದ್ದು ಯಂತ್ರ, ಗೂಡು, ಅಳತೆ, ಲೆಕ್ಕ. ಅವನ್ನು ಕಲಿಯಲು ಯಾರೂ ಕ್ಯಾಲ್ವಿನ್ನನ ಬೋಧನೆಯನ್ನು ಒಪ್ಪಬೇಕಾಗಿರಲಿಲ್ಲ. ಇನ್ನೊಂದು ಸಂಗತಿ: ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸಂಬಂಧದ ಕಾರಣಕ್ಕೆ ಬ್ರಿಟಿಷರು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು. ಎಷ್ಟು ಶಿಸ್ತಿದ್ದರೂ ಸರ್ಕಾರದ ಒಂದು ಆಜ್ಞೆಯ ಮುಂದೆ ನಿಲ್ಲಲಿಲ್ಲ.

ಭಾರತವನ್ನು ಕುರಿತೇ ವೇಬರ್ ಮುಂದೆ ಬೇರೊಂದು ಗ್ರಂಥ ಬರೆದರು. ಜಾತಿಯ ವಿಧಿನಿಷೇಧಗಳಿಂದಾಗಿ ಇಲ್ಲಿ ಅಪರಿಚಿತರು ಒಂದು ಸಂಘವಾಗಿ ಬೆಸೆಯುವುದು ಕಷ್ಟವೆಂಬುದು ಅಲ್ಲಿಯ ವಾದ. ಅದರಲ್ಲಿ ಸತ್ಯವಿಲ್ಲವೆನ್ನಲಾರೆ, ನಮ್ಮ ಸಂತೆಗಳನ್ನು ಕಂಡವರಿಗೆ ಅದು ಗೊತ್ತು. ಆದರೂ 1884ರಲ್ಲಿ ಗುಬ್ಬಿಯಂಥ ಸಣ್ಣ ಊರಿನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ನಾಟಕ ಸಂಘ ಕಟ್ಟಿದರು. 1917ರಲ್ಲಿ ವೀರಣ್ಣನವರು ಅದರ ಹೊಣೆ ಹೊತ್ತು, ಆಂಧ್ರ, ತಮಿಳು ಸೀಮೆಗಳವರೆಗೂ ಕೊಂಡೊಯ್ದರು. ನೂರಾರು ಜನರ ಊಟ, ವಸತಿ, ಸಂಬಳ, ಪರದೆ, ಸಾರಿಗೆ: ಇದು ಕಲೆ ಮಾತ್ರವಲ್ಲ, ಗಡಿ ದಾಟಿದ ಉದ್ಯಮ. ವೇಬರರ ಗ್ರಂಥದಲ್ಲಿ ಇದಕ್ಕೆ ಜಾಗವಿಲ್ಲ.

ಈಗ ಗಡಿಯಾರಕ್ಕೆ ಬರೋಣ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ಕೂದಲೆಳೆಯಷ್ಟು ಸಣ್ಣ ಬಿಡಿಭಾಗಗಳನ್ನು ಜೋಡಿಸಿದ ಕೈಗಳು ಯಾರವು? ರಾಗಿಹೊಲದ, ತೆಂಗಿನ ತೋಟದ ಮನೆಗಳ ಮಕ್ಕಳವು. ‘ಸ್ವಭಾವ’ ಅಡ್ಡಬರಲಿಲ್ಲ. ಆಮೇಲೆ ಕ್ವಾರ್ಟ್ಜ್ ಗಡಿಯಾರಗಳ ಕಾಲ ಬಂತು. ಎಚ್‌ಎಂಟಿ ಅದನ್ನು ಅರಿಯದೆ ಇರಲಿಲ್ಲ. 1980ರ ದಶಕದ ಆರಂಭದಲ್ಲೇ ಅಂಥವನ್ನು ತಂದಿತ್ತು. ಆದರೂ ಕೀಲಿ ಕೊಡುವ ಗಡಿಯಾರವನ್ನೇ ನೆಚ್ಚಿ ನಿಂತಿತು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮವೂ ಕೂಡಿ ಟೈಟನ್ ಸ್ಥಾಪಿಸಿ, ಗಡಿಯಾಚೆಯ ಹೊಸೂರಿನಲ್ಲಿ ಕ್ವಾರ್ಟ್ಜ್ ಗಡಿಯಾರಗಳನ್ನೇ ತಯಾರಿಸಿದವು. ಅಲ್ಲಿಯೂ ರಾಗಿಹೊಲಗಳೇ, ಕನ್ನಡ ಮಾತನಾಡುವ ಮನೆಗಳೂ ಉಂಟು. ಟೈಟನ್ ಬೆಳೆಯಿತು. ಎಚ್‌ಎಂಟಿಯ ಕೈಗಡಿಯಾರ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಭೂಮಿ ಇಸ್ರೊಗೆ ಹೋಯಿತು.

ಒಂದೇ ಮಣ್ಣು, ಒಂದೇ ಬಗೆಯ ಜನ, ಎರಡು ಬೇರೆ ಗತಿ. ಯಾವ ಬೆಲೆಗೆ ಏನನ್ನು ಮಾರಬೇಕೆಂದು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿತ್ತು, ತಪ್ಪಾದಾಗ ಎಷ್ಟು ಬೇಗ ತಿದ್ದಿಕೊಳ್ಳಬಹುದಿತ್ತು ಎಂಬಲ್ಲಿ ವ್ಯತ್ಯಾಸವಿತ್ತು. ಆದರೂ ಕಾರ್ಖಾನೆ ಮುಚ್ಚಿದಾಗ ‘ಸರ್ಕಾರಿ ನೌಕರರು ಸೋಮಾರಿಗಳು’ ಎಂಬ ಅಪವಾದ ಬಿದ್ದದ್ದು ಜೋಡಣೆಯ ಮೇಜಿನ ಮುಂದೆ ಕಣ್ಣು ಸವೆಸಿದವರ ಮೇಲೆ. ಸಂಸ್ಕೃತಿಯ ವಾದಕ್ಕೆ ನನ್ನ ಮುಖ್ಯ ಆಕ್ಷೇಪ ಇದೇ: ಮೇಲಿನವರ ತೀರ್ಮಾನದ ಭಾರವನ್ನು ಅದು ಕೆಳಗಿನವರ ಸ್ವಭಾವದ ಮೇಲೆ ಹೇರುತ್ತದೆ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಅಲ್ಲಿ ಸ್ಥಳೀಯ ಯುವಜನರಿಗೆ ಕೆಲಸ ಸಿಗದಿದ್ದರೆ, ಅವರ ಗುಣವನ್ನು ಪ್ರಶ್ನಿಸುವ ಮುನ್ನ ತರಬೇತಿಯ ವ್ಯವಸ್ಥೆಯನ್ನೂ ನೇಮಕದ ನಿಯಮವನ್ನೂ ಕೇಳುವವರು ನೀವಾಗಬೇಕು.

ವೇಬರರಿಗೆ ಅನ್ಯಾಯ ಮಾಡಲು ನನಗೆ ಇಷ್ಟವಿಲ್ಲ. ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಕಡೆಯ ಪುಟಗಳನ್ನು ಬಿಡಬೇಡಿ. ಎಲ್ಲವನ್ನೂ ಹಣದಿಂದಲೇ ವಿವರಿಸುವುದು ಹೇಗೆ ಏಕಪಕ್ಷೀಯವೋ, ಎಲ್ಲವನ್ನೂ ಧರ್ಮದಿಂದಲೇ ವಿವರಿಸುವುದೂ ಹಾಗೆಯೇ ಎಂದು ಅವರೇ ಅಲ್ಲಿ ಎಚ್ಚರಿಸುತ್ತಾರೆ. ಅವರ ಹೆಸರು ಹೇಳುವವರಲ್ಲಿ ಬಹಳ ಮಂದಿ ಅಷ್ಟು ದೂರ ಓದಿದಂತೆ ಕಾಣುವುದಿಲ್ಲ.