ಚಿತ್ರದ ಕೆಳಗಿನ ಎರಡು ಹೆಸರುಗಳು

ಸಸ್ಯಚಿತ್ರವೆಂದರೆ ಹೂವಿನ ಅಲಂಕಾರಚಿತ್ರವಲ್ಲ. ಎಲೆಯ ಜೋಡಣೆ, ಹೂವಿನ ಅಂಗಗಳು, ಕಾಯಿ, ಬೀಜ ಇವನ್ನು ಒಂದೇ ಹಾಳೆಯಲ್ಲಿ ತೋರಿಸಿ, ಒಂದು ಗಿಡವನ್ನು ಅದನ್ನೇ ಹೋಲುವ ಮತ್ತೊಂದರಿಂದ ಬೇರ್ಪಡಿಸಿ ಗುರುತಿಸುವಂತೆ ಮಾಡುವುದು ಅದರ ಕೆಲಸ. ಹೀಗಾಗಿ ಅದರ ಕೆಳಗೆ ಎರಡು ಹೆಸರುಗಳಿಗೆ ಸ್ಥಳವಿದೆ: ಬರೆದವರದು ಒಂದು, ಗಿಡದ್ದು ಇನ್ನೊಂದು. ಈ ಕಲೆಯ ಚರಿತ್ರೆಯಲ್ಲಿ ಮಹಿಳೆಯರ ಪಾಲನ್ನು ಕುರಿತ ವಿಮರ್ಶೆ ಹೆಚ್ಚಾಗಿ ಮೊದಲನೆಯ ಹೆಸರಿನ ಬೆನ್ನು ಹತ್ತಿದೆ. ಮರೆವಿಗೆ ಸಂದ ಸಹಿಗಳನ್ನು ಹುಡುಕಿ ತೆಗೆಯುವುದು ಅಗತ್ಯವಾದ ಕೆಲಸವೇ ಸರಿ. ಆದರೆ ಎರಡನೆಯ ಹೆಸರನ್ನು ಯಾರು ಕೊಟ್ಟರು, ಯಾವ ಭಾಷೆಯಲ್ಲಿ ಕೊಟ್ಟರು ಎಂದು ಕೇಳದಿದ್ದರೆ ಆ ಚರಿತ್ರೆ ಅರ್ಧವಾಗಿಯೇ ಉಳಿಯುತ್ತದೆ.

ಯುರೋಪಿನ ಎರಡು ಪ್ರಸಿದ್ಧ ಗ್ರಂಥಗಳಲ್ಲಿಯೇ ಈ ಕೊರತೆ ಕಾಣುತ್ತದೆ. ಎಲಿಜಬೆತ್ ಬ್ಲ್ಯಾಕ್‌ವೆಲ್ 1737ರಿಂದ 1739ರವರೆಗೆ ಲಂಡನ್ನಿನಲ್ಲಿ ಹೊರತಂದ ‘ಎ ಕ್ಯೂರಿಯಸ್ ಹರ್ಬಲ್’ ಗ್ರಂಥದ 500 ಚಿತ್ರಗಳನ್ನು ತಾವೇ ಬರೆದು, ತಾಮ್ರದ ತಗಡಿನ ಮೇಲೆ ಕೊರೆದು, ಬಣ್ಣ ತುಂಬಿದರು. ಸಾಲದ ಸೆರೆಯಲ್ಲಿದ್ದ ಗಂಡನನ್ನು ಬಿಡಿಸಿ ತರಲು ಅವರಿಗೆ ಹಣ ಬೇಕಾಗಿತ್ತು. ಗಿಡಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಒದಗಿಸಿದವನು ಅದೇ ಗಂಡ. ಕಣ್ಣೂ ಕೈಯೂ ಆಕೆಯವು. ಹೆಸರಿಡುವ ಅಧಿಕಾರ ಆತನದು. ಅದಕ್ಕಿಂತ ಮೊದಲು, 1699ರಲ್ಲಿ, ಸುರಿನಾಮಿಗೆ ಹೋದ ಮರಿಯಾ ಸಿಬಿಲ್ಲಾ ಮೇರಿಯನ್ ಅಲ್ಲಿನ ಕೀಟಗಳನ್ನೂ ಗಿಡಗಳನ್ನೂ ಚಿತ್ರಿಸಿ 1705ರಲ್ಲಿ ಪ್ರಕಟಿಸಿದರು. ನಮ್ಮ ಅಂಗಳಗಳಲ್ಲಿಯೂ ಬೆಳೆಯುವ ರತ್ನಗಂಧಿ, ಮರಾಠಿಯ ಶಂಕಾಸುರ, ಆ ಗ್ರಂಥದಲ್ಲಿದೆ. ಹುಟ್ಟುವ ಮಕ್ಕಳು ಗುಲಾಮರಾಗಬಾರದೆಂದು ಗುಲಾಮ ಸ್ತ್ರೀಯರು ಅದರ ಬೀಜದಿಂದ ಗರ್ಭ ತೆಗೆದುಕೊಳ್ಳುತ್ತಿದ್ದರೆಂಬ ಸಂಗತಿಯನ್ನು ಅವರಿಂದಲೇ ಕೇಳಿ ಮೇರಿಯನ್ ಬರೆದಿದ್ದಾರೆ. ಗ್ರಂಥಕ್ಕೆ ತೂಕ ತಂದದ್ದು ಆ ಅರಿವು. ಅದನ್ನು ಹೇಳಿದ ಸ್ತ್ರೀಯರಿಗೆ ಗ್ರಂಥದಲ್ಲಿ ಹೆಸರಿಲ್ಲ. ಸಹಿ ಮಾಡಿದ ಮಹಿಳೆಯನ್ನು ಕೊಂಡಾಡುವಾಗ ಸಹಿ ಇಲ್ಲದ ಮಹಿಳೆಯರು ಮತ್ತೊಮ್ಮೆ ಮರೆಯಾಗುವ ಅಪಾಯವಿದೆ.

ಭಾರತದಲ್ಲಿ ಈ ಸಂಬಂಧ ಇನ್ನೂ ಜಟಿಲವಾಯಿತು. ಕಲಕತ್ತೆಯಲ್ಲಿದ್ದ ಮೇರಿ ಇಂಪಿ ಪಕ್ಷಿ, ಪ್ರಾಣಿ, ಸಸ್ಯಗಳ 300ಕ್ಕೂ ಹೆಚ್ಚು ಚಿತ್ರಗಳನ್ನು ಬರೆಯಿಸಿದರು. ಬರೆದವರು ಪಟ್ನಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ ದಾಸ್. ಇಲ್ಲಿ ಮಹಿಳೆ ಒಡತಿ, ಕಲಾವಿದೆಯಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದ್ರಾಸಿನ ಗವರ್ನರನ ಪತ್ನಿ ಹೆನ್ರಿಯೆಟಾ ಕ್ಲೈವ್ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳಿಗೆ ಬಂದು ಗಿಡಗಳನ್ನೂ ಕಲ್ಲುಗಳನ್ನೂ ಸಂಗ್ರಹಿಸಿದರು. ಜೊತೆಗಿದ್ದ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿ ಸಿಂಹಾಸನದ ಮೇಲಿನ ಟಿಪ್ಪುವನ್ನು ಚಿತ್ರಿಸಿದರು. ಕಿರಿಯ ಮಗಳು ಶಾರ್ಲೆಟ್ಟಳ ಮನೆತನದ ಹೆಸರು 1828ರಲ್ಲಿ ದಕ್ಷಿಣ ಆಫ್ರಿಕಾದ ಹೂಗಿಡವೊಂದಕ್ಕೆ ಸಂದು, ಅದು ‘ಕ್ಲೈವಿಯಾ’ ಆಯಿತು. ಹೆಸರು ಹೀಗೆ ಗಿಡದ ನೆಲವನ್ನಾಗಲಿ, ಅದನ್ನು ಬಲ್ಲವರ ನುಡಿಯನ್ನಾಗಲಿ ಕೇಳದೆ ಸಂಚರಿಸುತ್ತದೆ. ಆದ್ದರಿಂದ ಒಡತಿ, ಹವ್ಯಾಸಿ, ಕೂಲಿಗೆ ಬರೆದವಳು, ಮಾಹಿತಿ ಕೊಟ್ಟವಳು ಈ ನಾಲ್ವರನ್ನೂ ‘ಮಹಿಳಾ ಕಲಾವಿದರು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸುವುದು ವಿಮರ್ಶೆಯ ಸೋಮಾರಿತನ.

ಕರ್ನಾಟಕದಲ್ಲಿ ಲಾಲ್‌ಬಾಗಿನ ಸಸ್ಯಚಿತ್ರಗಳೊಂದಿಗೆ ನೆನಪಾಗುವ ಹೆಸರು ಚೆಲುವಯ್ಯ ರಾಜು ಅವರದು. ನಮ್ಮ ಕಾಲದಲ್ಲಿ ಆ ಪರಂಪರೆಯನ್ನು ಹೊಸದಾಗಿ ಮುಂದುವರಿಸಿದವರು ಬೆಂಗಳೂರಿನ ನಿರುಪಾ ರಾವ್. ದಿವ್ಯಾ ಮುದ್ದಪ್ಪ, ಟಿ. ಆರ್. ಶಂಕರ ರಾಮನ್ ಅವರೊಂದಿಗೆ ರಚಿಸಿದ ‘ಪಿಲ್ಲರ್ಸ್ ಆಫ್ ಲೈಫ್’ (2018) ಪಶ್ಚಿಮಘಟ್ಟದ ಮಹಾವೃಕ್ಷಗಳನ್ನು ಕುರಿತದ್ದು. ‘ಹಿಡನ್ ಕಿಂಗ್‌ಡಮ್’ (2019) ಅಲ್ಲಿನ ವಿಚಿತ್ರ ಸಸ್ಯಗಳನ್ನು ಕುರಿತದ್ದು. ಕೊಂಬೆಯೊಂದನ್ನು ಕತ್ತರಿಸಿ ಬಿಳಿಯ ಹಾಳೆಯ ಮೇಲಿಡುವ ಹಳೆಯ ರೂಢಿಯನ್ನು ದಾಟಿ ಮರವನ್ನು ಇಡಿಯಾಗಿ ನಿಲ್ಲಿಸಿದ್ದು ಈ ಕಲಾವಿದೆಯ ದೊಡ್ಡ ಸಾಧನೆ. ಇಲ್ಲಿ ಮಹಿಳೆಯ ಸಹಿ ನಿಸ್ಸಂಶಯವಾಗಿ ಮೊದಲ ಸ್ಥಾನದಲ್ಲಿದೆ. ಆದರೂ ಪುಸ್ತಕಗಳ ಭಾಷೆ ಇಂಗ್ಲಿಷು, ನೆಲ ಮಳೆಕಾಡು. ಸುರಿನಾಮಿನಿಂದ ಘಟ್ಟದವರೆಗೆ ಕುಂಚ ಒಲಿದಿರುವುದು ಹಸಿರಿನ ಸಮೃದ್ಧಿಗೆ, ಅಪೂರ್ವತೆಗೆ.

ತೇರಣಾ ತೀರದ ಮಾಕಣಿಯಿಂದ ಉಮರ್ಗಾ, ನಿಲಂಗಾ, ಉದಗೀರದವರೆಗಿನ ಕರಿನೆಲದಲ್ಲಿ ನಿಂತು ನೋಡಿದರೆ ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ದಸರೆಯಲ್ಲಿ ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಎಲೆಯನ್ನು ಕನ್ನಡದ ಮನೆ ಬನ್ನಿ ಎನ್ನುತ್ತದೆ, ಮರಾಠಿಯ ಮನೆ ಆಪಟಾ ಎನ್ನುತ್ತದೆ. ನಿಘಂಟಿನಲ್ಲಿ ಬನ್ನಿಯೆಂದರೆ ಶಮೀವೃಕ್ಷ: ಮುಳ್ಳಿನ, ಸಣ್ಣ ಸಣ್ಣ ಎಲೆಗಳ ಪ್ರೊಸೋಪಿಸ್ ಸಿನರೇರಿಯಾ. ಆಪಟಾ ಎಂದರೆ ಎರಡು ಹೋಳಿನ ಎಲೆಯ ಬೌಹಿನಿಯಾ ರೆಸಿಮೋಸಾ. ಭಾಷಾಂತರಕಾರ ಇಲ್ಲಿ ಎಡವುತ್ತಾನೆ. ಒಳ್ಳೆಯ ಚಿತ್ರವೊಂದು, ಕೆಳಗೆ ಎರಡೂ ಭಾಷೆಗಳ ಹೆಸರಿದ್ದರೆ, ಎಡವುವುದಿಲ್ಲ. ಆವರಿಕೆ ಮತ್ತು ತರವಡ, ಕುಸುಬೆ ಮತ್ತು ಕರಡಿ ಒಂದೇ ಗಿಡವೆಂದು ಸಾರುವುದಕ್ಕೂ ಚಿತ್ರವೇ ಸಾಕ್ಷಿ. ಹೊಲದ ಜೊತೆಗೆ ಮಾತೂ ಕಿರಿದಾಗುತ್ತಿರುವ ಗಡಿಭಾಗಕ್ಕೆ ಇಂಥ ಚಿತ್ರಕೋಶ ನಿಘಂಟಿನಷ್ಟೇ ಮುಖ್ಯ.

ಇದರ ಬದಲು ರಂಗೋಲಿಯ ಕಮಲವನ್ನೂ ಸೀರೆಯಂಚಿನ ಬಳ್ಳಿಯನ್ನೂ ನಮ್ಮ ಮಹಿಳೆಯರ ಸಸ್ಯಚಿತ್ರವೆಂದು ಕರೆದುಬಿಡುವುದು ಸುಲಭ. ಅದು ಗೌರವದಂತೆ ತೋರುತ್ತದೆ, ಆದರೆ ಎರಡು ಕಲೆಗಳಿಗೂ ಅನ್ಯಾಯ ಮಾಡುತ್ತದೆ: ರಂಗೋಲಿ ಗಿಡವನ್ನು ಗುರುತಿಸಲು ಹುಟ್ಟಿದ್ದಲ್ಲ. ಗುರುತಿಸುವ ಅರಿವು ಇರುವುದು ಕಳೆ ತೆಗೆಯುವ ಕೈಯಲ್ಲಿ. ಹೂವಿನ ಅಂಗಗಳನ್ನು ಎಣಿಸಿ ವರ್ಗೀಕರಿಸಿದ ಲಿನೇಯಸ್‌ನ ಕಾಲದಿಂದ ಸಸ್ಯಚಿತ್ರಕ್ಕೆ ಹೂವೇ ಕೇಂದ್ರ. ಕಳೆ ಕೀಳುವವಳಿಗೆ ಹೂ ಬಿಡುವ ತನಕ ಕಾಯುವಂತಿಲ್ಲ. ಎರಡೆಲೆಯ ಸಸಿಯಲ್ಲಿಯೇ ಬೆಳೆ ಯಾವುದು, ಕಳೆ ಯಾವುದು ಎಂದು ಆಕೆ ಹೇಳಬೇಕು. ಆ ಹಂತದ ಚಿತ್ರಕ್ಕೆ ಹಳೆಯ ಹಾಳೆಗಳಲ್ಲಿ ಸಿಕ್ಕಿದ ಸ್ಥಳ ತೀರ ಕಡಿಮೆ. ಮುಂದೆ ಈ ನೆಲದ ಸಸ್ಯಗಳನ್ನು ಬರೆಯುವ ಕಲಾವಿದೆ ಆ ಕೂಲಿಯವಳ ಪಕ್ಕದಲ್ಲಿ ಕುಳಿತು ಸಸಿಯಿಂದಲೇ ಆರಂಭಿಸಲಿ. ಗಿಡದ ಹೆಸರನ್ನು ಹೇಳಿದವಳ ಹೆಸರೂ, ಆಕೆ ಒಪ್ಪಿದರೆ, ಚಿತ್ರದ ಕೆಳಗೆ ಇರಲಿ.