ಮೂರು ನಿಮಿಷದ ಮಿತಿ: ಜಾಜ್ ಯುಗದ ಕುಣಿತದ ಬ್ಯಾಂಡುಗಳ ರೆಕಾರ್ಡುಗಳನ್ನು ಕುರಿತು

ಕೋವಾಡದಲ್ಲಿ ಕುಳಿತು ಅಮೇರಿಕೆಯ ಕುಣಿತದ ಬ್ಯಾಂಡುಗಳ ವಿಚಾರ ಬರೆಯಹೊರಟರೆ ನಗುವವರಿದ್ದಾರು. ನಮ್ಮದು ಅಬ್ದುಲ್ ಕರೀಂ ಖಾನರ ಮಿರಜ, ಅಲ್ಲಾದಿಯಾ ಖಾನರ ಕೊಲ್ಲಾಪುರ, ಬಾಳಕೃಷ್ಣಬುವಾ ಅವರ ಇಚಲಕರಂಜಿಗಳ ಸೀಮೆ. ಇಲ್ಲಿಯ ಕಿವಿಗೆ ಸ್ಯಾಕ್ಸೊಫೋನಿನ ಗೊಡವೆ ಏಕೆ? ಕುಣಿಯುವ ಕಾಲಿಗಾಗಿ ನುಡಿಸಿದ್ದು ಕಲೆಯಾಗಲಾರದೆಂದು ನಾನೂ ಬಹುಕಾಲ ನಂಬಿದ್ದೆನು.

ಆ ನಂಬಿಕೆಯನ್ನು ಸಡಿಲಿಸಿದವನು ಒಬ್ಬ ವಿದ್ಯಾರ್ಥಿ. ಒಮ್ಮೆ ಒಂಬತ್ತನೆಯ ವರ್ಗಕ್ಕೆ 1920ರ ದಶಕದ ಇಂಥದೊಂದು ರೆಕಾರ್ಡಿನ ಪ್ರತಿಯನ್ನು ಕೇಳಿಸಿದೆ. ಅರ್ಧ ಮುಗಿದರೂ ಯಾರೂ ಬಾಯಿ ತೆರೆದು ಹಾಡಲಿಲ್ಲ. ಆಗ ಹಿಂದಿನ ಬೆಂಚಿನಿಂದ, "ಹಾಡು ಯಾವಾಗ ಬರತೈತ್ರಿ ಸರ?" ಎಂಬ ಪ್ರಶ್ನೆ ಬಂದಿತು. ಕೇಳಿದವನ ಕಾಲು ಮಾತ್ರ ಅಷ್ಟು ಹೊತ್ತಿಗೆ ತಾಳ ಹಾಕುತ್ತಿತ್ತು!

ಈ ಪ್ರಶ್ನೆ ಮೂಲವನ್ನೇ ಮುಟ್ಟಿದೆ. ನಮ್ಮ ರಂಗಗೀತೆಯಲ್ಲಿ ಗಾಯಕನೇ ಅರಸು. ಹಾರ್ಮೋನಿಯಂ, ತಬಲಾ ಅವನ ಹಿಂದೆ ನಡೆಯುವ ಪರಿವಾರ. ಈ ಬ್ಯಾಂಡುಗಳಲ್ಲಿ ಹಾಗಲ್ಲ. ಹತ್ತಿಂಚಿನ ರೆಕಾರ್ಡಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಹಾಡಿನ ಸಾಮಾನ್ಯ ಕಟ್ಟು ನಾಲ್ಕು ನಾಲ್ಕು ಮಾತ್ರೆಗಳ 32 ಆವರ್ತ: ಒಂದು ಸಾಲು ಎರಡು ಸಲ, ಬಳಿಕ ನಮ್ಮ ಅಂತರಾವನ್ನು ನೆನಪಿಸುವ ಬೇರೊಂದು ಸಾಲು, ಮತ್ತೆ ಮೊದಲಿನದು. ಚುರುಕಾದ ಕುಣಿತದ ಲಯದಲ್ಲಿ ಇಂಥ ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಮುಳ್ಳು ಅಂಚು ದಾಟಿ ಒಳಗೆ ಬಂದಿರುತ್ತದೆ. ಈ ನಾಲ್ಕರಲ್ಲಿ ಹಾಡುಗಾರನಿಗೆ ಸಿಗುವುದು ಬಹುಮಟ್ಟಿಗೆ ಒಂದೇ ಸುತ್ತು. ಅವನೂ ಕಹಳೆಯವನಂತೆ ಒಬ್ಬ ಕೂಲಿಕಾರ. ತನ್ನ ಪಾಳಿ ಮುಗಿಸಿ ಸರಿಯುತ್ತಾನೆ.

ಆಕರ್ಷಣೆಯ ಗುಟ್ಟು ಇಲ್ಲಿದೆಯೆಂದು ನನ್ನ ಎಣಿಕೆ. ಕುಣಿಯುವವರ ಹೆಜ್ಜೆ ತಪ್ಪಬಾರದೆಂದು ಲಯ ಕಟ್ಟುನಿಟ್ಟು. ವಾದ್ಯಗಳ ಪಾಲು ಮೊದಲೇ ಬರೆದಿಟ್ಟದ್ದು. ಅದರ ನಡುವೆ ಒಬ್ಬ ವಾದಕನಿಗೆ ಎಂಟೋ ಹದಿನಾರೋ ಆವರ್ತಗಳ ಸ್ವಾತಂತ್ರ್ಯ. ಅಷ್ಟರಲ್ಲಿಯೇ ಅವನು ಹಾರಬೇಕು, ಸಮಕ್ಕೆ ಸರಿಯಾಗಿ ಇಳಿಯಬೇಕು. ಪಾಲ್ ವೈಟ್‌ಮನ್ನನ ಭಾರೀ ವೃಂದದ ಎಷ್ಟೋ ರೆಕಾರ್ಡುಗಳು, ನಿಜ ಹೇಳಬೇಕೆಂದರೆ, ಸಕ್ಕರೆ ಹೆಚ್ಚಾದ ಪಾಯಸ. ಆದರೆ ಅದೇ ವೃಂದದಲ್ಲಿ ಬಿಕ್ಸ್ ಬೈಡರ್‌ಬೆಕ್ ಎಂಬ ತರುಣನ ಕಾರ್ನೆಟ್ಟು ಒಂದು ಗಳಿಗೆ ಎದ್ದು ನಿಂತರೆ ಉಳಿದುದೆಲ್ಲ ಕ್ಷಮೆಗೆ ಪಾತ್ರವಾಗುತ್ತದೆ. 1931ರಲ್ಲಿ, 28ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು.

ಅಬ್ದುಲ್ ಕರೀಂ ಖಾನರೂ ಇದೇ ಮೂರು ನಿಮಿಷದ ಬಾಗಿಲಲ್ಲಿ ನುಗ್ಗಬೇಕಾಯಿತು. ಬೈಠಕ್ಕಿನಲ್ಲಿ ತಾಸುಗಟ್ಟಲೆ ಹಬ್ಬುವ ರಾಗವನ್ನು ಅವರು ರೆಕಾರ್ಡಿನಲ್ಲಿ ಹಿಂಡಿ ಸತ್ವ ತೆಗೆದಿದ್ದಾರೆ. ಖ್ಯಾಲಿಗೆ ಈ ಮಿತಿ ಹೊರಗಿನಿಂದ ಬಂದ ಸಂಕಟ. ಕುಣಿತದ ಹಾಡಿಗೆ ಅದು ಅಳತೆಗೆ ಹೊಲಿದ ಅಂಗಿ.

1925ರಲ್ಲಿ ಮೈಕು ಬರುವವರೆಗೆ ತುತ್ತೂರಿಯ ಮುಂದೆ ಜೋರಾಗಿ ನುಡಿಸಬೇಕಿತ್ತು. ಡೋಲಿನ ಪೆಟ್ಟಿಗೆ ಸೂಜಿ ಕುಪ್ಪಳಿಸಿ ಮೇಣ ಕೆಡುತ್ತಿತ್ತು. ಆ ಬಳಿಕವೇ ಪಿಸುದನಿಯ ಗಾಯಕರು ಬಂದರು. ಮೇಲಾಗಿ, ಆ ರೆಕಾರ್ಡಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದ.

ಇನ್ನು ಮಾನ ಅಪಮಾನದ ಮಾತು. ಜಾಜ್ ಕಪ್ಪು ಜನರ ಕೂಸು. "ಜಾಜ್ ದೊರೆ" ಎಂಬ ಬಿರುದು ಮಾತ್ರ ಬಿಳಿಯ ವೈಟ್‌ಮನ್ನನಿಗೆ ಸಂದಿತು. ಡ್ಯೂಕ್ ಎಲಿಂಗ್ಟನ್ 1927ರಿಂದ ನುಡಿಸಿದ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕೆಳಗೆ ಬಿಳಿಯ ಗಿರಾಕಿಗಳು. ನಾವು ಬೆರಳು ತೋರಿಸುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. 1902ರಲ್ಲಿ ಕಲಕತ್ತೆಯಲ್ಲಿ ಧೈರ್ಯದಿಂದ ತುತ್ತೂರಿಯ ಮುಂದೆ ನಿಂತ ಗೌಹರ್ ಜಾನ್ ತವಾಯಫ್ ಮನೆತನದವಳು. ಆಕೆ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳು "ಗಾಂಧಾರಿ" ಎಂಬ ಹೆಸರಿನಲ್ಲಿ ಹೊರಬಂದವು. ಮರ್ಯಾದಸ್ಥರು ರೆಕಾರ್ಡು ಕೊಂಡರು, ಹಾಡಿದವರನ್ನು ಪಂಕ್ತಿಯಲ್ಲಿ ಕೂಡಿಸಿಕೊಳ್ಳಲಿಲ್ಲ.

ಜಾಜ್ ನಮಗೆ ಅಪರಿಚಿತವೆಂಬುದೂ ಅರ್ಧಸತ್ಯ. 1935ರಲ್ಲಿ ಲಿಯಾನ್ ಅಬ್ಬೆಯ ಕಪ್ಪು ವಾದಕರ ಬ್ಯಾಂಡು ಮುಂಬಯಿಯ ತಾಜ್ ಹೊಟೇಲಿಗೆ ಬಂದಿತು. ಘಟ್ಟದಾಚೆಯ ಗೋವೆಯವರು ಆ ವಿದ್ಯೆಯನ್ನು ಬೇಗ ಕೈವಶ ಮಾಡಿಕೊಂಡು ಸಿನಿಮಾ ವಾದ್ಯವೃಂದಗಳಿಗೆ ಒಯ್ದರು. ಅಲ್ದೋನದ ಕಹಳೆಗಾರ ಚಿಕ್ ಚಾಕೊಲೇಟ್ ಅವರಲ್ಲೊಬ್ಬ, ಸಿ. ರಾಮಚಂದ್ರರ 1951ರ 'ಅಲ್ಬೇಲಾ' ಚಿತ್ರದ ಸಂಗೀತದಲ್ಲಿ ಅವನ ಕೈವಾಡವಿದೆ. ನನ್ನ ವಿದ್ಯಾರ್ಥಿಗೆ ಮರುದಿನ ಆ ಚಿತ್ರದ ಹಾಡೊಂದನ್ನು ಕೇಳಿಸಿದೆ. "ಇದು ನಮ್ಮ ಅಜ್ಜಾರಿಗೆ ಗೊತ್ತೈತ್ರಿ," ಎಂದನು. ಗೊತ್ತಿರಲೇಬೇಕು. ಕಹಳೆಯವನ ಹೆಸರು ಮಾತ್ರ ಅಜ್ಜನಿಗೆ ತಿಳಿದಿರಲಾರದು. ಆ ಕಾಲದ ಸಿನಿಮಾ ರೆಕಾರ್ಡಿನ ಚೀಟಿಯ ಮೇಲೆ ವಾದಕರ ಹೆಸರು ಅಚ್ಚು ಹಾಕುವ ರೂಢಿ ಇರಲಿಲ್ಲ.