ಕರ್ನಲಿನ ವಿದ್ಯುತ್ ಪೂರೈಕೆ: ‘ಡಿಸೇಬಲ್’ ಎಂಬ ಹೆಸರಿನ ವಿಮರ್ಶೆ

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಎಡದಂಡೆ, ಬಲದಂಡೆ ಎಂಬ ಎರಡು ನಾಲೆಗಳು ಹೊರಡುತ್ತವೆ. ಒಂದು ಊರಿನವರು ನೀರು ಸಾಕೆಂದು ತಮ್ಮ ತೂಬನ್ನು ಮುಚ್ಚಿದರೆ ನಾಲೆಯೇ ನಿಂತಿತೆಂದು ಯಾರೂ ಭಾವಿಸರು. ಕೆಳಗಿನ ಊರುಗಳಿಗೆ ಬೇಕಿರುವವರೆಗೆ ಅದು ಹರಿಯಲೇಬೇಕು. ಅಚ್ಚುಕಟ್ಟಿನ ರೈತನಿಗೆ ಸಹಜವಾದ ಈ ವಿವೇಕವನ್ನು ಗಣಕಯಂತ್ರಗಳ ಡ್ರೈವರ್ ಬರೆಯುವವರು ಮರೆಯುವುದುಂಟು. ಲಿನಕ್ಸ್ ಕರ್ನಲಿನ ರೆಗ್ಯುಲೇಟರ್ ವ್ಯವಸ್ಥೆಯನ್ನು ನಾವು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

ಲಯಮ್ ಗರ್ಡ್‌ವುಡ್ ಮೊದಲಾದವರು ರಚಿಸಿದ ಈ ವ್ಯವಸ್ಥೆ 2008ರಲ್ಲಿ, 2.6.27ನೆಯ ಆವೃತ್ತಿಯೊಡನೆ ಕರ್ನಲನ್ನು ಸೇರಿತು. ಇದರ ಗುಣ ದೊಡ್ಡದು. ಡ್ರೈವರು ತನಗೆ ಬೇಕಾದ ಪೂರೈಕೆಯನ್ನು ಹೆಸರಿನಿಂದ ಕೇಳುತ್ತದೆ; ಅದನ್ನು ಒದಗಿಸುವ ಚಿಪ್ ಯಾವುದೆಂದು ಅದು ಅರಿಯಬೇಕಿಲ್ಲ. ವೋಲ್ಟೇಜಿನ ಮೇಲಿನ ಕೆಳಗಿನ ಮಿತಿಗಳನ್ನು ಹಲಗೆಯ ವಿವರಣೆಯೇ ವಿಧಿಸುತ್ತದೆ. ಡ್ರೈವರಿನ ತಪ್ಪು ಬೇಡಿಕೆಯಿಂದ ಚಿಪ್ ಸುಡದಂತೆ ಇದು ಕಾಪಾಡುತ್ತದೆ. ಒಂದೇ ಪೂರೈಕೆಯನ್ನು ಹಲವು ಡ್ರೈವರುಗಳು ಹಂಚಿಕೊಂಡಾಗ ಕರ್ನಲು ಬೇಡಿಕೆಗಳನ್ನು ಎಣಿಸುತ್ತದೆ. ಎಣಿಕೆ ಸೊನ್ನೆಗಿಳಿದಾಗ ಮಾತ್ರ ವಿದ್ಯುತ್ತನ್ನು ನಿಲ್ಲಿಸುತ್ತದೆ.

ನಮ್ಮ ಆಕ್ಷೇಪ ಇರುವುದು ಹೆಸರಿನಲ್ಲಿ. ‘ರೆಗ್ಯುಲೇಟರ್ ಡಿಸೇಬಲ್’ ಎಂದರೆ ವಿದ್ಯುತ್ತನ್ನು ನಿಲ್ಲಿಸು ಎಂದೇ ಓದುಗನು ತಿಳಿಯುವನು. ಅದರ ನಿಜವಾದ ಅರ್ಥ ‘ನನ್ನ ಬೇಡಿಕೆ ಮುಗಿಯಿತು’ ಎಂದಷ್ಟೆ. ಕರ್ನಲಿನ ದಾಖಲೆ ಇದನ್ನು ಸ್ಪಷ್ಟವಾಗಿ ಹೇಳಿದೆ, ನಿಜ. ಆದರೆ ಹೆಸರು ಒಂದು ಹೇಳಿ ಟಿಪ್ಪಣಿ ಮತ್ತೊಂದು ಹೇಳಿದರೆ ಗೆಲ್ಲುವುದು ಹೆಸರೇ. ಕರೆ ಯಶಸ್ವಿಯಾಯಿತೆಂಬ ಉತ್ತರ ಬರುತ್ತದೆ. ವಿದ್ಯುತ್ತು ಹರಿಯುತ್ತಲೇ ಇರುತ್ತದೆ.

ಎಸ್‌ಡಿ ಕಾರ್ಡಿನ ನಿದರ್ಶನ ನೋಡಿರಿ. ಕಾರ್ಡು 3.3 ವೋಲ್ಟಿನ ಸಂಕೇತದಿಂದ ತೊಡಗಿ, ವೇಗಕ್ಕಾಗಿ 1.8ಕ್ಕೆ ಇಳಿಯುತ್ತದೆ. ಮರಳಿ 3.3ಕ್ಕೆ ಬರಬೇಕಾದರೆ ಅದರ ವಿದ್ಯುತ್ತನ್ನು ಪೂರ್ತಿ ಕಡಿದು ಮತ್ತೆ ಕೊಡಬೇಕು; ಬೇರೆ ದಾರಿಯಿಲ್ಲ. ಪೂರೈಕೆಯು ಹಂಚಿಕೆಯದಾಗಿದ್ದರೆ, ಅಥವಾ ‘ಸದಾ ಚಾಲೂ’ ಎಂದು ಗುರುತಾಗಿದ್ದರೆ, ಡ್ರೈವರು ಕಡಿದೆನೆಂದು ನಂಬುತ್ತದೆ, ಕಾರ್ಡು 1.8ರಲ್ಲೇ ಉಳಿಯುತ್ತದೆ. ಯಂತ್ರವನ್ನು ಮರುಪ್ರಾರಂಭಿಸಿದಾಗ ಆ ಕಾರ್ಡು ಮಾತಿಗೆ ಸಿಕ್ಕದೆ ಹೋಗಬಹುದು. ವ್ಯವಸ್ಥೆಯೇ ಆ ಕಾರ್ಡಿನಲ್ಲಿದ್ದರೆ ಯಂತ್ರ ಏಳುವುದೇ ಇಲ್ಲ. (‘ಸದಾ ಚಾಲೂ’ ಎಂಬ ಗುರುತನ್ನು ಅವಶ್ಯವಾದೆಡೆ ಹಾಕುವುದಕ್ಕಿಂತ ತೊಡಕು ತಪ್ಪಿಸಿಕೊಳ್ಳಲು ಹಾಕುವುದೇ ಹೆಚ್ಚೆಂದು ನಮ್ಮ ಶಂಕೆ.)

ಹಲಗೆಯ ವಿವರಣೆಯಲ್ಲಿ ಪೂರೈಕೆಯ ಹೆಸರೇ ಇಲ್ಲದಾಗ ಕರ್ನಲು ಸಾಮಾನ್ಯವಾಗಿ ಒಂದು ಹುಸಿ ರೆಗ್ಯುಲೇಟರನ್ನು ಕೊಡುತ್ತದೆ. ಎಚ್ಚರಿಕೆಯ ಒಂದು ಸಾಲೇನೋ ಮುದ್ರಿತವಾಗುತ್ತದೆ. ಆಮೇಲೆ ಡ್ರೈವರಿನ ಆಜ್ಞೆಗಳು ಗಾಳಿಯಲ್ಲಿ ನಡೆಯುತ್ತವೆ. ಅಪೂರ್ಣ ವಿವರಣೆಯ ಹಲಗೆಗಳೂ ಕೆಲಸ ಮಾಡಲೆಂಬುದು ಇದರ ಉದ್ದೇಶ. ಅದನ್ನು ನಾವು ಒಪ್ಪುತ್ತೇವೆ.

ಪರಿಹಾರ ವ್ಯವಸ್ಥೆಯೊಳಗೇ ಉಂಟು. ತಾನೊಬ್ಬನೇ ಬಳಸುವೆನೆಂದು ಡ್ರೈವರು ಪೂರೈಕೆಯನ್ನು ಪಡೆಯಬಹುದು. ಆಗ ಹುಸಿ ರೆಗ್ಯುಲೇಟರ್ ದೊರೆಯದು. ಹಂಚಿಕೆ ಅನಿವಾರ್ಯವಾದಲ್ಲಿ, ವಿದ್ಯುತ್ತು ನಿಜವಾಗಿ ನಿಂತಾಗ ಬರುವ ಸೂಚನೆಗಾಗಿ ಹೆಸರು ನೋಂದಾಯಿಸಬಹುದು; ಆ ಸೂಚನೆ ಬಂದಿದ್ದರೆ ಮಾತ್ರ ಸಾಧನ ತನ್ನ ಹಿಂದಿನ ಸ್ಥಿತಿಯನ್ನು ಕಳೆದುಕೊಂಡಿತೆಂದು ಎಣಿಸತಕ್ಕದ್ದು. ಕಾರ್ಡಿನ ಮಟ್ಟಿಗೆ ಸೂಚನೆಯೂ ಸಾಲದು. ಅದಕ್ಕೆ ಪ್ರತ್ಯೇಕವಾದ ವಿದ್ಯುತ್ ಸ್ವಿಚ್ಚನ್ನು ಹಲಗೆಯ ನಕ್ಷೆ ಬರೆಯುವಾಗಲೇ ಇಡಬೇಕು. ಅದಿಲ್ಲದ ಹಲಗೆಯಲ್ಲಿ ಯಾವ ಡ್ರೈವರೂ ಏನನ್ನೂ ಮಾಡಲಾರದು.